ಸಾವಿರ ಎಸೆತದ ಮೀನು

ಗಡಿಯಾರವನ್ನು ನೋಡಿ ಊಟಕ್ಕೆ ಕುಳಿತುಕೊಳ್ಳುವುದು ಲೋಕರೂಢಿ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೈಕಿ ಪಡುಗಡಲಿನ ಅಂಚಿನಲ್ಲಿರುವ ಆರೆಗನ್ ಸಂಸ್ಥಾನದಲ್ಲಿ, ನಾರ್ತ್ ಅಂಪ್‌ಕ್ವಾ ಎಂಬ ನದಿಯ ದಡದಲ್ಲಿ, ಸ್ಟೀಮ್‌ಬೋಟ್ ಇನ್ ಎಂಬ ಚಿಕ್ಕ ವಸತಿಗೃಹವೊಂದುಂಟು. ಅಲ್ಲಿ ರಾತ್ರಿಯ ಊಟಕ್ಕೆ ಗಂಟೆಯನ್ನು ಗೊತ್ತುಮಾಡದೆ ಕತ್ತಲಾದ ಅರ್ಧ ಗಂಟೆಯ ಮೇಲೆ ಬಡಿಸುವ ಪದ್ಧತಿಯೊಂದು ಬೆಳೆದುಬಂದಿತು. ಬೇಸಿಗೆಯಲ್ಲಿ ಆ ಸೀಮೆಯಲ್ಲಿ ಹೊತ್ತು ಮುಳುಗುವುದೇ ಒಂಬತ್ತರ ಸುಮಾರಿಗೆ. ಅಲ್ಲಿಗೆ ಬರುವವರು ಗಾಳ ಹಾಕುವವರು. ಕೊನೆಯ ಬೆಳಕಿನ ಎಳೆ ಇರುವ ತನಕ ಅವರು ನೀರನ್ನು ಬಿಟ್ಟು ಬರುವವರಲ್ಲ. ಅಡಿಗೆಯವರೇ ಅವರ ಹೊತ್ತಿಗೆ ಹೊಂದಿಕೊಳ್ಳಬೇಕಾಯಿತು. ಷುಗರ್ ಪೈನ್ ಎಂಬ ದೇವದಾರು ಜಾತಿಯ ಮರದ ದಪ್ಪ ಹಲಗೆಯಿಂದ ಮಾಡಿದ ಉದ್ದನೆಯ ಮೇಜಿನ ಸುತ್ತ, ವಕೀಲನೂ ಮರ ಕಡಿಯುವವನೂ ವೈದ್ಯನೂ ದೂರದೂರಿನಿಂದ ಮೊದಲ ಬಾರಿಗೆ ಬಂದವನೂ ಭುಜಕ್ಕೆ ಭುಜ ತಾಗಿಸಿ ಕುಳಿತು ಉಣ್ಣುವುದು ಅಲ್ಲಿನ ಕ್ರಮ.

ವಿನೋದವೇನೆಂದರೆ, ಹೀಗೆ ಕುಳಿತವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಬಂದವರೇ. ಬೆಳಗಿನಿಂದ ಸೊಂಟದವರೆಗೆ ಹಿಮದಂತಹ ನೀರಿನಲ್ಲಿ ನಿಂತು, ನೂರಾರು ಸಲ ದಾರವನ್ನು ಎಸೆದು, ಒಂದು ಮೀನನ್ನೂ ಕಾಣದೆ ಮರಳಿದವರು. ಮೀನು ಸಿಕ್ಕಿದವನಿಗೂ ಅದು ಎಲೆಯ ಮೇಲೆ ಬರುವುದಿಲ್ಲ. ನದಿಯಲ್ಲೇ ಹುಟ್ಟಿದ ಕಾಡು ಮೀನನ್ನು ಹಿಡಿದವನು ನೀರಿನಿಂದ ಎತ್ತದೆಯೇ ಗಾಳವನ್ನು ಬಿಡಿಸಿ ಹೋಗಗೊಡಬೇಕು. ನಮ್ಮ ವಾಚಕರಲ್ಲಿ ಮತ್ಸ್ಯವನ್ನು ಮುಟ್ಟದ ಮನೆತನದವರು ಅನೇಕರಿರುವರು. ಹಿಡಿದು ಬಿಡುವುದಾದರೆ ಹಿಡಿಯುವುದೇಕೆ ಎಂದು ಅವರು ಕೇಳುವುದು ನ್ಯಾಯವೇ. ಇದಕ್ಕೆ ಉತ್ತರ ಆ ಮೀನಿನ ಕಥೆಯಲ್ಲಿಯೇ ಇದೆ.

ಆ ಮೀನಿಗೆ ಸ್ಟೀಲ್‌ಹೆಡ್, ಎಂದರೆ ಉಕ್ಕಿನ ತಲೆಯದು, ಎಂದು ಹೆಸರು. ಇದು ಪ್ರತ್ಯೇಕವಾದ ಜಾತಿಯೇನೂ ಅಲ್ಲ. ಮೈಮೇಲೆ ಕೆಂಪು ಪಟ್ಟೆಯಿರುವ ರೈನ್‌ಬೋ ಟ್ರೌಟ್ ಎಂಬ ಹೊಳೆಮೀನೇ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಆಂಗ್ಲರು ನಮ್ಮ ನೆರೆಯ ನೀಲಗಿರಿಯ ತಣ್ಣೀರಿನ ಹಳ್ಳಗಳಿಗೆ ತಂದು ಬಿಟ್ಟುದೂ ಇದೇ ಜಾತಿಯನ್ನು. ಉದಕಮಂಡಲದ ಕಡೆಗೆ ಹೋದ ಕನ್ನಡಿಗರಲ್ಲಿ ಕೆಲವರಾದರೂ ಅದನ್ನು ನೋಡಿರಬಹುದು. ನೀಲಗಿರಿಯ ಮೀನು ಹಳ್ಳದಲ್ಲೇ ಹುಟ್ಟಿ ಹಳ್ಳದಲ್ಲೇ ಮುಪ್ಪಾಗುವುದು. ಸ್ಟೀಲ್‌ಹೆಡ್ ಹಾಗಲ್ಲ. ಅದು ನದಿಯಲ್ಲಿ ಒಂದೆರಡು ಮೂರು ವರ್ಷ ಬೆಳೆದು, ಅನಂತರ ಹೊಳೆಯಿಳಿದು ಸಮುದ್ರವನ್ನು ಸೇರಿ, ಶಾಂತಸಾಗರದ ಉತ್ತರ ಭಾಗದಲ್ಲಿ ವರ್ಷಗಟ್ಟಲೆ ಅಲೆದು, ಕೊಬ್ಬಿ ಬೆಳ್ಳಿಯ ಬಣ್ಣ ತಳೆದು, ಎಲ್ಲಿ ಹುಟ್ಟಿತೋ ಆ ಹಳ್ಳವನ್ನೇ ನೀರಿನ ವಾಸನೆಯಿಂದ ಗುರುತಿಸಿ ಹಿಂದಿರುಗುವುದು. ಸ್ಟೀಮ್‌ಬೋಟನ್ನು ತಲಪಬೇಕಾದರೆ ಕಡಲಿನಿಂದ ನೂರೈವತ್ತು ಮೈಲಿಗೂ ಮೇಲ್ಪಟ್ಟು ಪ್ರವಾಹಕ್ಕೆ ಎದುರಾಗಿ ಈಜಬೇಕು. ಅದರ ಬಂಧುಗಳಾದ ಶಾಂತಸಾಗರದ ಸಾಲ್ಮನ್ ಮೀನುಗಳು ಒಂದೇ ಸಲ ಮೊಟ್ಟೆಯಿಟ್ಟು ಸತ್ತುಹೋಗುವುವು. ಸ್ಟೀಲ್‌ಹೆಡ್‌ಗಳಲ್ಲಿ ಕೆಲವಾದರೂ ಬದುಕಿ ಮರಳಿ ಕಡಲಿಗಿಳಿದು, ಇನ್ನೊಮ್ಮೆ ತವರಿಗೆ ಬರುವುದುಂಟು.

ಬೇಸಿಗೆಯಲ್ಲಿ ನದಿಗೆ ಬರುವ ಸ್ಟೀಲ್‌ಹೆಡ್ ಮೊಟ್ಟೆಯಿಡುವುದು ಮುಂದಿನ ಚಳಿಗಾಲ ಕಳೆಯುವ ವೇಳೆಗೆ. ಅಲ್ಲಿಯವರೆಗೆ ಅದಕ್ಕೆ ಹೊಟ್ಟೆಯ ಚಿಂತೆ ಅತ್ಯಲ್ಪ. ಹಸಿವಿಲ್ಲದ ಪ್ರಾಣಿಯು ಗರಿ ರೇಷ್ಮೆಗಳಿಂದ ಕಟ್ಟಿದ ಕೃತಕ ನೊಣವನ್ನು ಏಕೆ ಕಚ್ಚಬೇಕು? ಸಿಟ್ಟಿನಿಂದ ಎನ್ನುವವರುಂಟು, ಕುತೂಹಲದಿಂದ ಎನ್ನುವವರುಂಟು, ಮರಿಯಾಗಿದ್ದಾಗ ಹುಳ ಹಿಡಿದ ನೆನಪಿನಿಂದ ಎನ್ನುವವರೂ ಉಂಟು. ಅದೇನೇ ಇರಲಿ, ಅದು ಬಹುಶಃ ಕಚ್ಚುವುದಿಲ್ಲ. ಆದುದರಿಂದಲೇ ಅದಕ್ಕೆ ‘ಸಾವಿರ ಎಸೆತದ ಮೀನು’ ಎಂಬ ಅಡ್ಡಹೆಸರು ಬಂದಿರುವುದು.

ಎಸೆತ ಎಂದೆವಷ್ಟೆ, ಅದರ ರೀತಿಯನ್ನೂ ಹೇಳಬೇಕು. ನಮ್ಮ ಕೆರೆಗಳಲ್ಲಿ ಗಾಳ ಹಾಕುವವರು ತೂಕದ ಗುಂಡನ್ನೋ ಎರೆಹುಳುವನ್ನೋ ಕಟ್ಟಿ ಬೀಸುವರು. ಭಾರವು ದಾರವನ್ನು ಎಳೆದುಕೊಂಡು ಹೋಗುವುದು. ಗರಿಯ ನೊಣಕ್ಕೆ ತೂಕವೇ ಇಲ್ಲ. ಇಲ್ಲಿ ದಾರವೇ ದಪ್ಪನಾಗಿ ಭಾರವಾಗಿರುವುದು. ಕೋಲನ್ನು ಬೀಸಿದಾಗ ದಾರವು ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಮುಂದಕ್ಕೆ ಹರಿದು, ತುದಿಯ ನೊಣವನ್ನು ಒಂದು ತರಗೆಲೆಯಂತೆ ನೀರಿನ ಮೇಲೆ ಇಳಿಸುವುದು. ನೊಣವು ಪ್ರವಾಹಕ್ಕೆ ಅಡ್ಡಲಾಗಿ ಒಂದು ಕಮಾನಿನಂತೆ ತೇಲಿ ಬರಬೇಕು. ಸೆಳವು ದಾರವನ್ನು ಬಗ್ಗಿಸಿ ನೊಣವನ್ನು ಅವಸರಪಡಿಸಿದರೆ ಆಟ ಕೆಟ್ಟಿತು. ಆದಕಾರಣ ಕೋಲಿನ ತುದಿಯಿಂದ ದಾರವನ್ನು ಎತ್ತಿ ಮೇಲ್ಗಡೆಗೆ ತಿರುವಿ ಹಾಕುತ್ತಿರಬೇಕು. ಇದಕ್ಕೆ ಅವರು ‘ದಾರವನ್ನು ಸರಿಪಡಿಸುವುದು’ ಎನ್ನುತ್ತಾರೆ. ಪುಸ್ತಕ ಓದಿ ಇದನ್ನು ಕಲಿಯುವುದು ಕಷ್ಟ. ಪಕ್ಕದಲ್ಲಿ ಒಬ್ಬರು ನಿಂತು, ಕೈಹಿಡಿದು, ಎರಡು ಸಲ ಬೈದು, ಮೂರನೆಯ ಸಲ ನಕ್ಕು ಕಲಿಸಬೇಕು. ಅಲ್ಲಿನ ಅನೇಕ ಸ್ನೇಹಗಳು ಹೀಗೆ ಪ್ರಾರಂಭವಾದುವೆಂದು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಪದ್ಧತಿಯನ್ನು ಹೇಳಲೇಬೇಕು, ಅದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ನದಿಯಲ್ಲಿ ಮೀನು ನಿಲ್ಲುವ ಮಡುಗಳು ಕೆಲವೇ, ಗಾಳದವರು ಬಹಳ. ಮೊದಲು ಬಂದವನು ಮಡುವಿನ ತಲೆಯಲ್ಲಿ ನಿಂತು ಎಸೆಯಬೇಕು. ಒಂದೊಂದು ಎಸೆತಕ್ಕೂ ಒಂದೆರಡು ಹೆಜ್ಜೆ ಕೆಳಕ್ಕೆ ಸರಿಯಬೇಕು. ಎರಡನೆಯವನು ಅವನ ಹಿಂದೆ, ಮೇಲ್ಗಡೆಯಿಂದ, ಸಾಕಷ್ಟು ದೂರ ಬಿಟ್ಟು ಪ್ರಾರಂಭಿಸಬೇಕು. ಕೆಳಗೆ ಹೋಗಿ ಅಡ್ಡ ನಿಲ್ಲುವುದು ಮಹಾ ಅಪರಾಧ. ಮಡುವಿನ ಬಾಲವನ್ನು ಮುಟ್ಟಿದವನು ದಡಹತ್ತಿ, ಮತ್ತೆ ಮೇಲಕ್ಕೆ ನಡೆದು, ಸಾಲಿನ ಕೊನೆಗೆ ಸೇರಿಕೊಳ್ಳಬೇಕು. ಹೀಗೆ ಸರದಿ ಕಾಯುವಾಗ ದಡದ ಬಂಡೆಯ ಮೇಲೆ ಅಪರಿಚಿತರಿಬ್ಬರು ಕುಳಿತಿರುವರು. ಒಬ್ಬನ ಬುತ್ತಿಯಲ್ಲಿದ್ದುದನ್ನು ಇನ್ನೊಬ್ಬನು ಹಂಚಿಕೊಳ್ಳುವನು. ಒಬ್ಬನ ಪೆಟ್ಟಿಗೆಯ ನೊಣ ಇನ್ನೊಬ್ಬನ ಟೋಪಿಗೆ ಸೇರುವುದು. ಆ ನದಿಯ ನೀರು ಗಾಜಿನಂತೆ ತಿಳಿಯಾದುದರಿಂದ, ಒಬ್ಬನು ಎತ್ತರದ ದಡದಿಂದ ಮೀನನ್ನು ನೋಡುತ್ತ ‘ಇನ್ನೆರಡಡಿ ಮುಂದೆ’ ಎಂದು ಕೂಗುವುದೂ, ಕೆಳಗಿರುವವನು ತಾನು ಕಾಣದ ಮೀನಿಗೆ ಅವನ ಕಣ್ಣನ್ನು ನಂಬಿ ಎಸೆಯುವುದೂ ಉಂಟು. ಮೀನು ಎದ್ದು ನೊಣವನ್ನು ಮೂಸಿ ತಿರುಗಿದರೆ, ದಡದಲ್ಲಿದ್ದವನ ಎದೆಯೇ ಹೆಚ್ಚು ಬಡಿದುಕೊಳ್ಳುವುದಂತೆ.

ಈ ಸರದಿಯ ಧರ್ಮವನ್ನು ಎಲ್ಲರೂ ಪಾಲಿಸಿದರೆಂದಲ್ಲ. 1930ರ ದಶಕದಲ್ಲಿ ಪ್ರಸಿದ್ಧ ಕಾದಂಬರಿಕಾರನಾದ ಝೇನ್ ಗ್ರೇ ಈ ನದಿಯ ದಡದಲ್ಲಿ ಡೇರೆ ಹೂಡುತ್ತಿದ್ದನು. ಒಳ್ಳೆಯ ಮಡುಗಳನ್ನು ಬೇರೆಯವರು ಹಿಡಿಯದಂತೆ ತನ್ನ ಪರಿವಾರದವರನ್ನು ಬೆಳಗಾಗುವ ಮೊದಲೇ ಅಲ್ಲಿ ನಿಲ್ಲಿಸುತ್ತಿದ್ದನೆಂಬ ದೂರು ಆ ಕಡೆಯ ಹಳಬರ ಕಥೆಗಳಲ್ಲಿ ಉಳಿದುಬಂದಿದೆ. ದೊಡ್ಡ ಹೆಸರಿನವನಾದರೂ ಸರದಿ ತಪ್ಪಿಸಿದುದನ್ನು ಹಳ್ಳಿಗರು ಮರೆಯಲಿಲ್ಲವೆಂಬುದು ಗಮನಾರ್ಹ.

ಆ ನದಿಯ ಸ್ನೇಹಗಳಲ್ಲಿ ಹೆಚ್ಚಿನವು ಒಂದೇ ಮನೆಯ ಬಾಗಿಲಿನಿಂದ ಹಾದುಹೋದುವು ಎನ್ನಬಹುದು. ಫ್ರಾಂಕ್ ಮೂರ್ ಎಂಬವರು 1923ರಲ್ಲಿ ಹುಟ್ಟಿದವರು. 1944ರಲ್ಲಿ ಸಿಪಾಯಿಯಾಗಿ ಫ್ರಾನ್ಸಿನ ನಾರ್ಮಂಡಿಯ ತೀರದಲ್ಲಿಳಿದು ಯುದ್ಧಮಾಡಿ ಬದುಕಿ ಬಂದವರು. ಯುದ್ಧವಾದ ಮೇಲೆ ಈ ನದಿಯಲ್ಲಿ ಗಾಳದವರಿಗೆ ದಾರಿತೋರುವ ಕೆಲಸಮಾಡಿ, 1957ರಲ್ಲಿ ಪತ್ನಿ ಜೀನ್‌ಳೊಡನೆ ಸ್ಟೀಮ್‌ಬೋಟ್ ಇನ್ನನ್ನು ಸ್ಥಾಪಿಸಿದರು. ಆಕೆಗೆ ಕಾಡುಹೂಗಳ ಮೇಲೆ ಪ್ರೀತಿ, ಈತನಿಗೆ ಮೀನಿನ ಮೇಲೆ. ಇಬ್ಬರಿಗೂ ಅತಿಥಿಗಳ ಮೇಲೆ. ನಾವು ಮೊದಲಲ್ಲಿ ಹೇಳಿದ ಕತ್ತಲ ಬಳಿಕದ ಊಟ ಈ ಮನೆಯ ಹೆಸರನ್ನು ದೂರದವರೆಗೆ ಹಬ್ಬಿಸಿತು.

ಆಗಲೇ ನದಿಗೆ ಆಪತ್ತು ಬಂದಿತ್ತು. ನಾರ್ತ್ ಅಂಪ್‌ಕ್ವಾದ ಸುತ್ತಲಿನ ಬೆಟ್ಟಗಳಲ್ಲಿ ಮರ ಕಡಿಯುವವರು ಚಿಕ್ಕ ಹಳ್ಳಗಳ ಅಂಚಿನವರೆಗೂ ಕಾಡನ್ನು ಬೋಳುಮಾಡಿ, ಯಂತ್ರಗಳಿಂದ ದಿಮ್ಮಿಗಳನ್ನು ಹಳ್ಳದ ಪಾತ್ರದಲ್ಲಿಯೇ ಎಳೆಯುತ್ತಿದ್ದರು. ದೊಡ್ಡ ನದಿಯಲ್ಲಿ ಗಾಳ ಹಾಕುವವನ ಕಣ್ಣಿಗೆ ಇದು ಬೀಳುವುದಿಲ್ಲ. ಆದರೆ ಸ್ಟೀಲ್‌ಹೆಡ್ ಮೊಟ್ಟೆಯಿಡುವುದೂ ಮರಿಗಳು ಬೆಳೆಯುವುದೂ ಆ ಚಿಕ್ಕ ಹಳ್ಳಗಳಲ್ಲಿಯೇ. ನೆರಳು ಹೋದ ಹಳ್ಳದ ನೀರು ಬಿಸಿಲಿಗೆ ಕಾಯುವುದು. ಕೊಚ್ಚಿಬಂದ ಮಣ್ಣು ಹರಳುಗಳ ಸಂದಿಯಲ್ಲಿ ತುಂಬಿ ಮೊಟ್ಟೆಗಳನ್ನು ಉಸಿರುಕಟ್ಟಿಸುವುದು. ಮೂರರು ತಮ್ಮಲ್ಲಿ ಗಾಳ ಹಾಕಲು ಬಂದ ಹಾಲ್ ರೈನಿ ಮತ್ತು ಡಿಕ್ ಸ್ನೈಡರ್ ಎಂಬಿಬ್ಬರನ್ನು ಕರೆದೊಯ್ದು ಇದನ್ನು ತೋರಿಸಿದರು. ಅವರಿಬ್ಬರೂ ಚಲಚ್ಚಿತ್ರದ ಕೆಲಸ ಬಲ್ಲವರು. 1960ರ ದಶಕದ ಕೊನೆಯಲ್ಲಿ ಹಾಳಾದ ಒಂದು ಹಳ್ಳದ ಹೆಸರನ್ನೇ ಇಟ್ಟು ‘ಪಾಸ್ ಕ್ರೀಕ್’ ಎಂಬ ಚಿಕ್ಕ ಚಿತ್ರವನ್ನು ತೆಗೆದರು. ವಾದಗಳಿಗೆ ಕಿವಿಗೊಡದಿದ್ದವರು ಚಿತ್ರವನ್ನು ನೋಡಿ ಬೆಚ್ಚಿದರು. 1971ರಲ್ಲಿ ಆರೆಗನ್ ಸಂಸ್ಥಾನವು ಕಾಡು ಕಡಿಯುವ ಕ್ರಮವನ್ನು ಹತೋಟಿಗೆ ತರುವ ಕಾಯಿದೆಯನ್ನು ಮಾಡಿತು. ಅದಕ್ಕೆ ಕಾರಣಗಳು ಹಲವಿದ್ದರೂ ಈ ಚಿತ್ರದ ಪಾಲೂ ಉಂಟೆಂದು ಬಲ್ಲವರು ಹೇಳುತ್ತಾರೆ. ಅಷ್ಟರಲ್ಲಿಯೇ, 1966ರಲ್ಲಿ, ಆ ನದಿಯ ಗಾಳದ ಗೆಳೆಯರು ‘ಸ್ಟೀಮ್‌ಬೋಟರ್ಸ್’ ಎಂಬ ಸಂಘವನ್ನು ಕಟ್ಟಿಕೊಂಡು ನದಿಯ ಪರವಾಗಿ ಸರ್ಕಾರದೆದುರು ನಿಲ್ಲತೊಡಗಿದ್ದರು.

1975ರಲ್ಲಿ ಮೂರ್ ದಂಪತಿಗಳು ವಸತಿಗೃಹವನ್ನು ಇತರರಿಗೆ ಒಪ್ಪಿಸಿದರು. ನದಿಯನ್ನು ಮಾತ್ರ ಬಿಡಲಿಲ್ಲ. ತೊಂಬತ್ತರ ಸುಮಾರಿನ ವಯಸ್ಸಿನಲ್ಲಿ ಫ್ರಾಂಕ್ ಪತ್ನಿಯೊಡನೆ ನಾರ್ಮಂಡಿಗೆ ಮರಳಿ ಹೋಗಿ, ಹಿಂದೆ ಬಂದೂಕು ಹೊತ್ತು ದಾಟಿದ್ದ ಸೀಮೆಯ ಹೊಳೆಗಳಲ್ಲಿ ಗರಿಯ ನೊಣವನ್ನು ಎಸೆದು ಬಂದರು. ಆ ಪ್ರಯಾಣವನ್ನು ಕುರಿತ ಚಿತ್ರಕ್ಕೆ ‘ದಾರವನ್ನು ಸರಿಪಡಿಸುವುದು’ ಎಂಬ ಅರ್ಥದ ಹೆಸರನ್ನೇ ಇಟ್ಟಿರುವರು. 2019ರಲ್ಲಿ ಅಮೆರಿಕದ ಸರ್ಕಾರವು ಸ್ಟೀಮ್‌ಬೋಟ್ ಹಳ್ಳದ ಸುತ್ತಲಿನ ಸುಮಾರು 1,00,000 ಎಕರೆ ಕಾಡನ್ನು ಕಾಡು ಸ್ಟೀಲ್‌ಹೆಡ್‌ಗಳ ರಕ್ಷಣೆಗಾಗಿ ಗೊತ್ತುಪಡಿಸಿ, ಅದಕ್ಕೆ ಗಂಡಹೆಂಡಿರಿಬ್ಬರ ಹೆಸರನ್ನೂ ಇಟ್ಟಿತು. ಗಂಡನ ಹೆಸರೊಂದನ್ನೇ ಇಡದೆ ಇಬ್ಬರದನ್ನೂ ಇಟ್ಟುದು ನಮಗೆ ಸಂತೋಷವನ್ನುಂಟುಮಾಡಿತು.

ಮರುವರ್ಷವೇ, 2020ರ ಸೆಪ್ಟೆಂಬರಿನಲ್ಲಿ, ಆ ಕಣಿವೆಯಲ್ಲಿ ಕಾಳ್ಗಿಚ್ಚು ಹಬ್ಬಿ 1,30,000 ಎಕರೆಗೂ ಮೇಲ್ಪಟ್ಟು ನೆಲವನ್ನು ಸುಟ್ಟಿತು. 2021ರ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಇಳಿಯಿತು; ಕಡಲಿನಿಂದ ಬಂದ ಮೀನಿನ ಎಣಿಕೆ ಹಿಂದೆಂದೂ ಕಾಣದಷ್ಟು ಕುಸಿಯಿತು. ಸರ್ಕಾರದವರು ಆಗಸ್ಟಿನಲ್ಲಿ ನದಿಯಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸಿದರು. 2022ರ ಜನವರಿಯಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಫ್ರಾಂಕ್ ಮೂರ್ ತೀರಿಕೊಂಡರು.

ಇನ್ನೊಬ್ಬರ ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆವು. ಸ್ಟೀಮ್‌ಬೋಟ್ ಹಳ್ಳದ ಮೇಲ್ಭಾಗದಲ್ಲಿ ಬಿಗ್ ಬೆಂಡ್ ಎಂಬ ಮಡುವಿದೆ. ತಣ್ಣೀರಿನ ತೊರೆಯೊಂದು ಅಲ್ಲಿ ಬಂದು ಸೇರುವುದರಿಂದ, ಬೇಸಿಗೆಯಲ್ಲಿ ಹಳ್ಳವೆಲ್ಲ ಬೆಚ್ಚಗಾದಾಗ ನೂರಾರು ಸ್ಟೀಲ್‌ಹೆಡ್‌ಗಳು ಅಲ್ಲಿ ಒತ್ತಾಗಿ ನಿಂತು ಮಳೆಗಾಲವನ್ನು ಕಾಯುವುವು. ಈ ಹಳ್ಳದಲ್ಲಿ 1932ರಿಂದಲೂ ಗಾಳ ಹಾಕಕೂಡದು. ಆದರೂ ಕಳ್ಳರು ಮಡುವಿಗೆ ಸಿಡಿಮದ್ದನ್ನು ಎಸೆದು ಮೀನು ಕೊಲ್ಲುತ್ತಿದ್ದುದರಿಂದ ಜನರು ಅದನ್ನು ‘ಡೈನಮೈಟ್ ಗುಂಡಿ’ ಎಂದೇ ಕರೆಯುತ್ತಿದ್ದರು. ಲೀ ಸ್ಪೆನ್ಸರ್ ಎಂಬವರು ಪುರಾತತ್ತ್ವ ಬಲ್ಲವರು, ಸ್ಟೀಲ್‌ಹೆಡ್‌ಗೆ ಗಾಳ ಹಾಕುವವರು. 1999ರಲ್ಲಿ ಅವರು ಸಿಸ್ ಎಂಬ ತಮ್ಮ ನಾಯಿಯೊಡನೆ ಬಂದು ಆ ಮಡುವಿನ ಬಳಿ ಬಿಡಾರ ಹೂಡಿದರು. ವರ್ಷ ವರ್ಷವೂ ಬೇಸಿಗೆಯ ಮೊದಲಿಂದ ಚಳಿಗಾಲದ ಮಳೆ ಬೀಳುವವರೆಗೆ ದಡದಲ್ಲಿ ಕುಳಿತು, ಮೀನು ಎಷ್ಟಿವೆ, ಯಾವುದು ಹಾರಿತು, ಯಾವುದು ಮೇಲ್ಗಡೆ ತೇಲಿಬಂದ ಎಲೆಯನ್ನು ಬಾಯಿಗೆ ಹಾಕಿ ಉಗುಳಿತು ಎಂಬುದನ್ನೆಲ್ಲ ಬರೆದಿಟ್ಟರು. ಮೊದಲ ಹದಿನಾಲ್ಕು ಋತುಗಳ ಆ ಬರವಣಿಗೆ 2017ರಲ್ಲಿ ಪುಸ್ತಕವಾಗಿ ಹೊರಬಂದಿತು. ಮೀನು ನೋಡಲು ಬಂದ ಸಂಸಾರಸ್ಥರಿಗೂ ಮಕ್ಕಳಿಗೂ ಎಲ್ಲವನ್ನೂ ವಿವರಿಸಿ ಹೇಳುತ್ತಿದ್ದರು. ಮನುಷ್ಯನೊಬ್ಬನು ಕುಳಿತಿದ್ದಾನೆಂಬುದೇ ಕಳ್ಳರಿಗೆ ಸಾಕಾದ ತಡೆಯಾಯಿತು.

ಸಂಜೆಯ ಹೊತ್ತು ಬಿಡುವಾದರೆ ಅವರೂ ದೊಡ್ಡ ನದಿಗೆ ಇಳಿದು ಗೆಳೆಯರೊಡನೆ ಗಾಳ ಹಾಕುತ್ತಿದ್ದುದುಂಟು. ಆದರೆ ಅವರ ನೊಣದ ಕೊಕ್ಕೆಗೆ ಮೊನೆಯಿರುತ್ತಿರಲಿಲ್ಲ. ತಾವೇ ಅದನ್ನು ಕತ್ತರಿಸಿ ತೆಗೆದಿದ್ದರು. ಮೀನು ಎದ್ದು ನೊಣವನ್ನು ಹಿಡಿದು ಎಳೆಯುವುದು; ಕೋಲಿನ ಮೂಲಕ ಆ ಎಳೆತ ಕೈಗೆ ಬರುವುದು; ಮರುಕ್ಷಣ ಮೀನು ನೊಣವನ್ನು ಬಿಟ್ಟು ತನ್ನ ದಾರಿ ಹಿಡಿಯುವುದು. ಅವರು ದಾರವನ್ನು ಎತ್ತಿ, ಎರಡು ಹೆಜ್ಜೆ ಕೆಳಕ್ಕೆ ಸರಿದು, ಮತ್ತೆ ಎಸೆಯುವರು.