ಹನ್ನೊಂದು ಸಾವಿರ ಡಾಲರಿನ ಪೆಟ್ಟಿಗೆ

ಮೊನ್ನೆ ಬೆಂಗಳೂರಿನ ಒಂದು ರಿಸೆಪ್ಷನ್ನಿನಲ್ಲಿ ಊಟದ ಪಂಕ್ತಿಗಿಂತ ಉದ್ದದ ಸಾಲು ಫೋಟೊ ಬೂತಿನ ಮುಂದಿತ್ತು. ಮುತ್ತೈದೆಯರು ತಲೆಗೆ ಕೌಬಾಯ್ ಟೋಪಿ ಇಟ್ಟುಕೊಂಡು ನಗುತ್ತಿದ್ದರು, ಮಾವಂದಿರು ಕಡ್ಡಿಗಂಟಿಸಿದ ರಟ್ಟಿನ ಮೀಸೆ ಹಿಡಿದಿದ್ದರು. ಬೂತು ನೋಡಿಕೊಳ್ಳುತ್ತಿದ್ದ ಹುಡುಗನನ್ನು ಬಂಡವಾಳ ಎಷ್ಟಾಯಿತು ಎಂದು ಕೇಳಿದೆ. "ಸಾರ್, ಕ್ಯಾಮೆರಾ, ಲೈಟು, ಪರದೆ ಎಲ್ಲ ಒಂದ್ಸಲ ತಗೊಂಡ್ರೆ ಮುಗೀತು. ಈ ಪ್ರಿಂಟರ್ ಇದ್ಯಲ್ಲ, ಇದು ದಿನಾ ಉಣ್ಣುತ್ತೆ" ಎಂದ.

ಆ ಮಾತು ತಲೆಯಲ್ಲಿ ಕೂತಿತು. ಇದೇ ದಂಧೆಯಲ್ಲಿ ಮೊದಲು ಗೆದ್ದ ಪೆಟ್ಟಿಗೆಯ ಹುಟ್ಟೂ ಖರ್ಚಿನ ಲೆಕ್ಕದಿಂದಲೇ ಆದದ್ದು. ಅದನ್ನು ಕಟ್ಟಿದವನು ಅನಟೋಲ್ ಜೋಸೆಫೊ. 1894ರಲ್ಲಿ ಸೈಬೀರಿಯಾದಲ್ಲಿ ಒಬ್ಬ ಆಭರಣ ವ್ಯಾಪಾರಿಯ ಮಗನಾಗಿ ಹುಟ್ಟಿದ. ಚಿಕ್ಕಂದಿನಲ್ಲೇ ಬ್ರೌನಿ ಕ್ಯಾಮೆರಾದ ಹುಚ್ಚು ಹತ್ತಿತು. ಹದಿನೈದು ತುಂಬುವ ಹೊತ್ತಿಗೆ ಬರ್ಲಿನ್ನಿನ ಸ್ಟುಡಿಯೊ ಒಂದರಲ್ಲಿ ಕೆಲಸ ಕಲಿಯುತ್ತಿದ್ದ. ಆಮೇಲೆ ಬುಡಾಪೆಸ್ಟ್‌ನಲ್ಲಿ ಸ್ವಂತ ಸ್ಟುಡಿಯೊ. ಮೊದಲ ಮಹಾಯುದ್ಧ ಬಂದಾಗ ಅವನು ಅಲ್ಲಿ ಶತ್ರುದೇಶದ ಪ್ರಜೆ. ಯುದ್ಧ ಮುಗಿದ ಮೇಲೆ ಶಾಂಘೈಗೆ ಹೋಗಿ 'ಜೋಸೆಫೊ ಸ್ಟುಡಿಯೊ' ತೆರೆದ, ನಾಲ್ಕು ಕಾಸು ಕೂಡಿಸಿಕೊಂಡು 1923ರಲ್ಲಿ ಅಮೆರಿಕದ ಹಡಗು ಹತ್ತಿದ. ಚೀಲದಲ್ಲಿ ಹಣ ಹೆಚ್ಚಿರಲಿಲ್ಲ, ತಲೆಯಲ್ಲಿ ಒಂದು ಯಂತ್ರವಿತ್ತು.

ಫೋಟೊ ತಾನಾಗಿ ತೆಗೆಯುವ ಯಂತ್ರ ಎಂಬ ಆಸೆ ಅವನಿಗಿಂತ ಹಳೆಯದು. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಫ್ರಾನ್ಸಿನ ಎಂಝಲ್ಬೇರ್ ಅಂಥದೊಂದನ್ನು ತಂದು ನಿಲ್ಲಿಸಿದ್ದ. ಮರುವರ್ಷ ಹ್ಯಾಂಬರ್ಗಿನ ಕಾನ್ರಾಡ್ ಬರ್ನಿಟ್ 'ಬಾಸ್ಕೊ' ಎಂಬ ಯಂತ್ರ ಮಾಡಿದ. ಅವೆಲ್ಲ ತೆಳು ಕಬ್ಬಿಣದ ತಗಡಿನ ಮೇಲೆ ಚಿತ್ರ ಮೂಡಿಸುವ ಫೆರೊಟೈಪ್ ಕಾಲದವು. ಒಂದು ತಗಡಿಗೆ ಒಂದು ಮುಖ, ಅದೂ ಮಂಕು. ಜಾತ್ರೆಯ ಮೋಜಿಗೆ ಸರಿ, ಊರಿನ ನಡುವೆ ಬಾಡಿಗೆ ಕೊಟ್ಟು ಅಂಗಡಿ ತೆರೆಯುವ ಧೈರ್ಯ ಅದರಿಂದ ಬರುವಂಥದ್ದಲ್ಲ.

ಮೂರು ದೇಶಗಳಲ್ಲಿ ಸ್ಟುಡಿಯೊದ ಒಳಗೇ ಬೆಳೆದ ಜೋಸೆಫೊಗೆ ಫೋಟೊದ ದುಡ್ಡು ಎಲ್ಲಿ ಸೋರುತ್ತದೆ ಎಂಬುದು ಅಂಗೈ ರೇಖೆಯಷ್ಟು ಗೊತ್ತಿತ್ತು. ನಮ್ಮಲ್ಲೂ ಸ್ಟುಡಿಯೊಗಳ ಕಾಲ ಕಂಡವರಿಗೆ ಅದು ಗೊತ್ತು. ಪಾಸ್‌ಪೋರ್ಟ್ ಸೈಜಿನ ಮೂರು ಪ್ರತಿಗೆಂದು ಹೋದರೆ ಗೋಡೆಯ ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ. ಗದ್ದ ಮೇಲೆತ್ತಿ ಕೂರಿಸಿ, ಕ್ಲಿಕ್ ಆದ ಮೇಲೆ "ರೋಲ್ ಮುಗೀಲಿ, ಆಮೇಲೆ ಬನ್ನಿ" ಎಂಬ ಮಾತು. ಮೂವತ್ತಾರು ಚಿತ್ರದ ರೋಲು ಮುಗಿಯಬೇಕು, ಕತ್ತಲೆ ಕೋಣೆಯಲ್ಲಿ ತೊಳೆಯಬೇಕು, ನೆಗೆಟಿವ್ ಒಣಗಬೇಕು, ಅದರಿಂದ ಮತ್ತೆ ಕಾಗದಕ್ಕೆ ಇಳಿಯಬೇಕು. ಫೋಟೊದ ಬೆಲೆಯೊಳಗೆ ಒಬ್ಬನ ಸಂಬಳ, ಒಂದು ಕತ್ತಲೆ ಕೋಣೆಯ ಬಾಡಿಗೆ, ಎರಡೆರಡು ಸಲದ ರಸಾಯನ ಎಲ್ಲ ಕೂತಿರುತ್ತಿದ್ದವು.

ಜೋಸೆಫೊ ಈ ಪಟ್ಟಿಯಿಂದ ಮೊದಲು ಹೊಡೆದುಹಾಕಿದ್ದು ನೆಗೆಟಿವನ್ನು. ಯಂತ್ರದೊಳಗೆ ಬೆಳಕು ನೇರ ಕಾಗದದ ಪಟ್ಟಿಯ ಮೇಲೆಯೇ ಬೀಳುತ್ತಿತ್ತು. ಪಟ್ಟಿ ಒಂದು ತೊಟ್ಟಿಗೆ ಇಳಿದಾಗ ಬೆಳಕು ಬಿದ್ದ ಕಡೆ ಬೆಳ್ಳಿ ಕಪ್ಪಾಗುತ್ತದೆ. ಅಂದರೆ ಹಣೆ ಕಪ್ಪು, ಕೂದಲು ಬಿಳಿ, ಎಲ್ಲ ತಲೆಕೆಳಗು. ಮುಂದಿನ ತೊಟ್ಟಿಯ ಬ್ಲೀಚು ಆ ಕಪ್ಪನ್ನೆಲ್ಲ ಕರಗಿಸಿ ಒಯ್ಯುತ್ತದೆ. ಬೆಳಕೇ ಕಾಣದ ಜಾಗದಲ್ಲಿ ಬೆಳ್ಳಿಯ ಲವಣ ಮಾತ್ರ ಮಿಗುತ್ತದೆ. ಅದನ್ನು ಈಗ ಕಪ್ಪಾಗಿಸಿದರೆ ಕೂದಲು ಕೂದಲಿನ ಬಣ್ಣಕ್ಕೆ, ಹಣೆ ಹಣೆಯ ಬಣ್ಣಕ್ಕೆ ಬಂತು. ಕೊನೆಗೆ ನೀರಲ್ಲಿ ಮುಳುಗಿ ಎದ್ದರೆ ಚಿತ್ರ ಸಿದ್ಧ. ನೆಗೆಟಿವ್ ಒಣಗಲಿ ಎಂದು ಕಾಯುವ ಪಾಡಿಲ್ಲ, ಎರಡನೆಯ ಕಾಗದ ಬೇಡ. ಅದಕ್ಕೆ ತೆತ್ತ ಬೆಲೆಯೂ ಇದೆ: ಈ ಚಿತ್ರಕ್ಕೆ ಇನ್ನೊಂದು ಪ್ರತಿ ಇಲ್ಲ, ಕಳೆದರೆ ಕಳೆಯಿತು.

ರಸಾಯನದ ಈ ಉಪಾಯ ಅವನೊಬ್ಬನದೇ ಸೊತ್ತಲ್ಲ. ಆದರೆ ಅದನ್ನು ಮನುಷ್ಯನ ಕೈ ಸೋಕದಂತೆ, ಅಳತೆ ತಪ್ಪದಂತೆ, ದಿನವಿಡೀ ಮಾಡಬೇಕು. ಪಟ್ಟಿಯನ್ನು ಹಿಡಿದು ತೊಟ್ಟಿಯಿಂದ ತೊಟ್ಟಿಗೆ ಅದ್ದುವ, ಎತ್ತುವ, ಮುಂದೆ ಸರಿಸುವ ತೋಳುಗಳು ಬೇಕು. ಒಂದು ಪಟ್ಟಿ ಇನ್ನೂ ಮೀಯುತ್ತಿರುವಾಗಲೇ ಅದರ ಹಿಂದೆ ಇನ್ನೊಂದು ಒಳಗೆ ಇಳಿಯಬೇಕು. ಅದಕ್ಕೆ ನುರಿತ ಯಂತ್ರಕೆಲಸಗಾರರು ಬೇಕು, ಅವರಿಗೆ ಕೂಲಿ ಬೇಕು. ನ್ಯೂಯಾರ್ಕಿನಲ್ಲಿ ನೆಂಟರು, ಸ್ನೇಹಿತರ ಮನೆ ಬಾಗಿಲು ತಟ್ಟಿ ಅವನು ಕೂಡಿಸಿದ್ದು 11,000 ಡಾಲರ್. ಬ್ಯಾಂಕು ಸಾಲ ಕೊಡುವ ಮುಖ ಅವನದಾಗಿರಲಿಲ್ಲ. ಭಾಷೆ ಹೊಸದು, ಊರು ಹೊಸದು, ಮಾರುವ ಸರಕು ಇನ್ನೂ ಹುಟ್ಟಿಯೇ ಇಲ್ಲ.

1925ರ ಸೆಪ್ಟೆಂಬರಿನಲ್ಲಿ ಬ್ರಾಡ್‌ವೇಯಲ್ಲಿ, 51 ಮತ್ತು 52ನೇ ಬೀದಿಗಳ ನಡುವೆ, 'ಫೋಟೊಮೇಟನ್' ಅಂಗಡಿ ಬಾಗಿಲು ತೆರೆಯಿತು. 25 ಸೆಂಟಿಗೆ ಎಂಟು ಚಿತ್ರ, ಎಂಟು-ಹತ್ತು ನಿಮಿಷದಲ್ಲಿ ಕೈಗೆ. ತಮಾಷೆ ಎಂದರೆ ಫೋಟೊಗ್ರಾಫರನನ್ನು ಹೊರಗಿಟ್ಟ ಆ ಅಂಗಡಿಯಲ್ಲೂ ಬಿಳಿ ಕೈಗವಸಿನ ಒಬ್ಬ ಆಳು ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಈಗ ಕ್ಯಾಮೆರಾ ನೋಡಿ ಎಂದು ಹೇಳಿಕೊಡುತ್ತಿದ್ದ. ಜನರಿಗೆ ಯಂತ್ರದ ಮುಂದೆ ಒಬ್ಬರೇ ಕೂರುವುದು ಇನ್ನೂ ರೂಢಿಯಾಗಿರಲಿಲ್ಲ.

ಮೊದಲ ಆರು ತಿಂಗಳಲ್ಲಿ ಬಂದವರು 2,80,000 ಜನ. ತಲೆಗೆ 25 ಸೆಂಟಿನಂತೆ 70,000 ಡಾಲರ್, ದಿನಕ್ಕೆ ಸರಾಸರಿ ಸಾವಿರದೈನೂರಕ್ಕೂ ಮಿಕ್ಕು ಮುಖಗಳು. ಕಾಗದ, ರಸಾಯನ, ಬಾಡಿಗೆ, ಕೈಗವಸಿನವನ ಸಂಬಳ ಕಳೆಯಬೇಕು ನಿಜ. ಆದರೂ 11,000ದ ಪಕ್ಕ ಈ ಮೊತ್ತ ಇಟ್ಟು ನೋಡಿದವನಿಗೆ ಹೆಚ್ಚು ವಿವರಣೆ ಬೇಕಿಲ್ಲ. ಆಟೊಮನ್ ಸಾಮ್ರಾಜ್ಯದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಹೆನ್ರಿ ಮಾರ್ಗೆಂಥೋ ಹಾಗೆ ನೋಡಿದವರಲ್ಲಿ ಒಬ್ಬರು. ಅವರ ಕೂಟ 1927ರ ಮಾರ್ಚಿನಲ್ಲಿ ಯಂತ್ರದ ಅಮೆರಿಕದ ಹಕ್ಕಿಗೆ ಹತ್ತು ಲಕ್ಷ ಡಾಲರ್ ಕೊಟ್ಟಿತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಹಾಕಿತು.

ಕತೆ ಇಲ್ಲಿಗೇ ನಿಂತಿದ್ದರೆ ಬಂಡವಾಳದ ಪಾಠ ಅರ್ಧವಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಕ್ಲಾರೆನ್ಸ್ ಹ್ಯಾಟ್ರಿ ಎಂಬ ಹಣಕಾಸುದಾರನ ಕೂಟದಲ್ಲಿ ಫೋಟೊಮೇಟನ್ ಹೆಸರಿನ ಕಂಪನಿಯೂ ಸೇರಿತ್ತು. 1929ರ ಸೆಪ್ಟೆಂಬರಿನಲ್ಲಿ ಆ ಕೂಟ ಕುಸಿಯಿತು. ಖೋಟಾ ಬಾಂಡುಗಳ ಮೇಲೆ ಸಾಲ ಎತ್ತಿದ್ದು ಬಯಲಾಗಿ ಹ್ಯಾಟ್ರಿಗೆ ಹದಿನಾಲ್ಕು ವರ್ಷದ ಶಿಕ್ಷೆಯಾಯಿತು. ಪೆಟ್ಟಿಗೆಯ ತೋಳುಗಳಲ್ಲಿ ಯಾವ ದೋಷವೂ ಇರಲಿಲ್ಲ. ಒಬ್ಬ ಕೂಲಿಯವನ ಕೂಲಿ ಎಣಿಸಿ ಕಟ್ಟಿದ ಯಂತ್ರದ ಹೆಸರನ್ನು ಎಣಿಕೆಯೇ ಇಲ್ಲದ ಕಾಗದಗಳ ಜೊತೆ ಕಟ್ಟಿದ್ದರು, ಅಷ್ಟೆ.

ಜೋಸೆಫೊನ ಪೆಟ್ಟಿಗೆಯಲ್ಲಿ ದೊಡ್ಡ ಖರ್ಚು ಮುಂಚೆ, ಯಂತ್ರದೊಳಗೆ. ಅದು ದುಬಾರಿಯಾಗಿದ್ದರಿಂದಲೇ ಚಿತ್ರ ಅಗ್ಗವಾಯಿತು. ಇಂದಿನ ಮದುವೆಯ ಬೂತಿನಲ್ಲಿ ಈ ತಕ್ಕಡಿ ತಿರುಗಿದೆ. ಕ್ಯಾಮೆರಾ ಅಥವಾ ಒಂದು ಟ್ಯಾಬ್ಲೆಟ್, ಉಂಗುರದ ದೀಪ, ಸಾಫ್ಟ್‌ವೇರ್, ಪರದೆ, ಟೋಪಿ-ಮೀಸೆಗಳ ಪೆಟ್ಟಿಗೆ ಇಷ್ಟರಲ್ಲೇ ಆರಂಭ. ಗಟ್ಟಿ ಖರ್ಚು ರಿಬ್ಬನ್ನಿನ ಬಣ್ಣವನ್ನು ಕಾಗದಕ್ಕೆ ಇಳಿಸುವ ಡೈ-ಸಬ್ ಪ್ರಿಂಟರಿನದು. ಅದರ ರಿಬ್ಬನ್ನಿನಲ್ಲಿ ಹಳದಿ, ಮೆಜೆಂತಾ, ಸಯಾನ್ ಮತ್ತು ಮೇಲೊಂದು ರಕ್ಷಣೆಯ ಪದರ ಸಾಲಾಗಿ ಇರುತ್ತವೆ. ಒಂದು ಚಿತ್ರಕ್ಕೆ ನಾಲ್ಕೂ ಪೂರ್ತಿ ಖರ್ಚು. ಬಿಳಿ ಗೋಡೆಯ ಮುಂದೆ ಬಿಳಿ ಸೀರೆಯವರ ಫೋಟೊ ತೆಗೆದರೂ ಬಣ್ಣ ಉಳಿಯುವುದಿಲ್ಲ, ಯಾರೋ ಕಣ್ಣು ಮುಚ್ಚಿ ಇನ್ನೊಂದು ಕೇಳಿದರೂ ಅಷ್ಟೇ. ಮೇಲೆ ಸಾಗಿಸುವ ಟೆಂಪೊ, ಕರೆಂಟು ಹೋದರೆಂದು ಯುಪಿಎಸ್, ಕೈಕೊಟ್ಟರೆಂದು ಇನ್ನೊಂದು ಪ್ರಿಂಟರ್. ಬಿಳಿ ಕೈಗವಸು ಹೋಗಿದೆ, ಆಳು ಹೋಗಿಲ್ಲ.

ಹೊಸಬರು ಕೈಸುಟ್ಟುಕೊಳ್ಳುವುದು ಇಲ್ಲೇ. ಯಂತ್ರದ ಬೆಲೆ ಕೂಡಿಸಿ ಇಷ್ಟೇ ಬಂಡವಾಳ ಎಂದು ಹೊರಡುತ್ತಾರೆ. ಸಂಜೆಗೆ ಇಷ್ಟೆಂದು ಬಾಡಿಗೆ ಮಾತಾಡಿ, ಪ್ರಿಂಟು ಎಷ್ಟು ಬೇಕಾದರೂ ತಗೊಳ್ಳಿ ಎಂದುಬಿಡುತ್ತಾರೆ. ಜನ ನಕ್ಕಷ್ಟೂ ರಿಬ್ಬನ್ ಸುತ್ತುತ್ತದೆ. ಬ್ರಾಡ್‌ವೇಯಲ್ಲಿ ಸಾಲು ಬೆಳೆದರೆ ಜೋಸೆಫೊಗೆ ಲಾಭ ಬೆಳೆಯುತ್ತಿತ್ತು, ಇಲ್ಲಿ ಸಾಲು ಬೆಳೆದರೆ ಲಾಭ ಕರಗುತ್ತದೆ.

ಹೊರಡುವ ಹೊತ್ತಿಗೆ ಹುಡುಗ ಸಾಮಾನು ಕಟ್ಟುತ್ತಿದ್ದ. ನನ್ನ ಪಾಲಿನ ಪಟ್ಟಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಗೀಟುಗೀಟಾಗಿ ಬಂದಿತ್ತು. ಅದನ್ನು ಎಸೆಯದೆ ಬೆನ್ನು ಮೇಲೆ ಮಾಡಿ ಮಂಡಿಯ ಮೇಲಿಟ್ಟುಕೊಂಡ. ಪ್ರಿಂಟರಿನ ಎಣಿಕೆ ನೋಡಿ ಅಂದು ಹೋದ ಹಾಳೆ ಬರೆದ, ಟೆಂಪೊ ಬರೆದ, ಹುಡುಗರ ಊಟ ಬರೆದ, ಕೆಳಗೆ ಗೀಟೆಳೆದ. "ಈ ಪಟ್ಟಿದೂ ಸೇರಿಸಿದೆಯೇನಪ್ಪ?" ಎಂದೆ. "ಮೊದಲು ಇದನ್ನೇ ಬರ್ದಿದ್ದು ಸಾರ್" ಎಂದ.