ಅಳಿಯನ ಗ್ಯಾರೇಜಿನಲ್ಲಿ ಹುಟ್ಟಿದ ವಿಮಾನ

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು ನಾನು. ಬಿ.ಕಾಂ. ಓದಿ ಲೆಡ್ಜರ್ ಬರೆದವನಿಗೆ ವಿಮಾನದ ಸಹವಾಸ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮಗಳನ್ನು ಕೊಟ್ಟದ್ದರಿಂದ ಬಂತು.

2012ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಅಮೆರಿಕದ ಒಹಾಯೊ ರಾಜ್ಯದ ಡೇಟನ್ನಿಗೆ, ಮಗಳ ಮನೆಗೆ ಹೋದೆವು. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಉದ್ದನೆಯ ಮೇಜಿನ ಮೇಲೆ ಮೈತುಂಬ ತೂತುಗಳಿದ್ದ ಅಲ್ಯೂಮಿನಿಯಂ ತಗಡುಗಳು ಹರಡಿದ್ದವು.

“ಇದೇನು, ನೀರಿನ ತೊಟ್ಟಿ ಮಾಡ್ತಾ ಇದ್ದೀರಾ?” ಎಂದೆ.

“ಇಲ್ಲ ಮಾವ, ವಿಮಾನದ ಬಾಲ” ಅಂದರು ಅಳಿಯ.

ಆಟದ ವಿಮಾನವಲ್ಲ. ಇಬ್ಬರು ಅಕ್ಕಪಕ್ಕ ಕುಳಿತು ಹಾರುವಂಥದ್ದು. ನನ್ನಾಕೆ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ರಾತ್ರಿ, “ಏನೂಂದ್ರೆ, ನೀವಾದರೂ ಹೇಳಿ. ಮನೇಲಿ ಆರು ವರ್ಷದ ಮಗು ಇದೆ” ಅಂದಳು. ಹೇಳೋಣವೆಂದೇ ಮರುದಿನ ಗ್ಯಾರೇಜಿಗೆ ಹೋದೆ. ಅಳಿಯ ನನ್ನ ಕೈಗೊಂದು ಕಬ್ಬಿಣದ ತುಂಡು ಕೊಟ್ಟು, “ಮಾವ, ಇದನ್ನು ಸ್ವಲ್ಪ ಹಿಡ್ಕೊಳ್ತೀರಾ?” ಅಂದರು. ಹೇಳಬೇಕಾದ ಮಾತು ಅಲ್ಲಿಗೇ ನಿಂತಿತು.

ಅಮೆರಿಕದಲ್ಲಿ ಒಂದು ಕಾನೂನಿದೆ. ಕಲಿಕೆಗೋ ಖುಷಿಗೋ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ ಅದಕ್ಕೆ ‘ಎಕ್ಸ್‌ಪೆರಿಮೆಂಟಲ್’, ಅಂದರೆ ಪ್ರಾಯೋಗಿಕ ಎಂಬ ವರ್ಗದಲ್ಲಿ ಹಾರಾಟಕ್ಕೆ ಪರವಾನಗಿ ಸಿಗುತ್ತದೆ. ಅಲ್ಲಿ ಸಾವಿರಾರು ಜನ ಹೀಗೆ ಮನೆಯಲ್ಲೇ ವಿಮಾನ ಕಟ್ಟಿ ಹಾರಿಸುತ್ತಾರೆ. ಅವರದೇ ಒಂದು ಸಂಘವನ್ನು ಪಾಲ್ ಪೋಬರೆಜ್ನಿ ಎಂಬವರು 1953ರಲ್ಲಿ ಕಟ್ಟಿದರು. ಈಗ ಅದರ ದೊಡ್ಡ ಜಾತ್ರೆ ಆಶ್‌ಕಾಶ್ ಎಂಬ ಊರಿನಲ್ಲಿ ಬೇಸಿಗೆಯಲ್ಲಿ ನಡೆಯುತ್ತದೆ. ನಮ್ಮ ದೇಶದಲ್ಲೂ ಅಂಥ ಹಟವಾದಿಗಳಿದ್ದಾರೆ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೇ ಆರು ಆಸನದ ವಿಮಾನ ಕಟ್ಟಿದರು.

ಅಳಿಯ ತರಿಸಿದ್ದು ಆರ್‌ವಿ-9ಎ ಎಂಬ ವಿಮಾನದ ಬಿಡಿಭಾಗಗಳನ್ನು. ಆರೆಗನ್ ರಾಜ್ಯದ ಕಂಪನಿಯಿಂದ ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು, ಹೀಗೆ ಕಂತಿನಲ್ಲಿ ಪೆಟ್ಟಿಗೆಗಳು ಬರುತ್ತವೆ. ಕಂತಿನ ವ್ಯವಹಾರ ನನಗೂ ಅರ್ಥವಾಗುವಂಥದ್ದೇ.

ತಗಡಿಗೆ ತಗಡನ್ನು ಸೇರಿಸುವುದು ರಿವೆಟ್ ಎಂಬ ಪುಟ್ಟ ಅಲ್ಯೂಮಿನಿಯಂ ಮೊಳೆ. ರೆಕ್ಕೆಗೆ ಬಡಿಯುವ ಹೆಚ್ಚಿನವು ಮೆಂತ್ಯದ ಕಾಳಿನಷ್ಟು ದಪ್ಪ. ಒಬ್ಬರು ಹೊರಗಿನಿಂದ ಗಾಳಿಯ ಬಂದೂಕಿನಲ್ಲಿ ಟರ್‌ರ್ ಎಂದು ಬಡಿಯಬೇಕು, ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಎರಡರ ನಡುವೆ ಸಿಕ್ಕ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಗುಂಡಿಯ ಆಕಾರ ತಾಳುತ್ತದೆ. ಆ ಗುಂಡಿಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ಅಳೆಯಲು ಪುಟ್ಟ ಅಳತೆಪಟ್ಟಿಯೇ ಇದೆ. ಹಿಡಿದ ಕೈ ಚೂರು ಓರೆಯಾದರೆ ಗುಂಡಿಯೂ ಓರೆ.

ರಿವೆಟ್ ಹಾಕುವ ಮೊದಲು ಪ್ರತಿ ತೂತಿನ ಅಂಚಿನ ಸಣ್ಣ ಮುಳ್ಳುಗಳನ್ನು ಕೆರೆದು ನಯ ಮಾಡಬೇಕು. ಸಾವಿರಾರು ತೂತು! “ಇಷ್ಟೆಲ್ಲ ಯಾಕೆ?” ಎಂದು ನಾನು ಗೊಣಗಿದಾಗ ಅಳಿಯ ಒಂದು ಶಾಂಪೂ ಪೊಟ್ಟಣ ತಂದು ತೋರಿಸಿದರು. ಮಕ್ಕಳೇ, ನೀವೂ ನೋಡಿ. ಪೊಟ್ಟಣದ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಅಲ್ಲಿಂದ ಹಿಡಿದೆಳೆದರೆ ಸರ್ರನೆ ಹರಿಯುತ್ತದೆ, ಬೇರೆಲ್ಲಿ ಎಳೆದರೂ ಜಗ್ಗುವುದಿಲ್ಲ. ವಿಮಾನದ ತಗಡೂ ಹಾಗೆಯೇ. ಹಾರುವಾಗಿನ ನಡುಕದಲ್ಲಿ ಬಿರುಕು ಹುಟ್ಟುವುದು ಇಂಥ ಕಚ್ಚಿನಿಂದಲೇ.

ನನ್ನ ಕೈ ಸಣಕಲು. ಬಲರೆಕ್ಕೆಯ ಕೆಳಗಿನ ತಗಡನ್ನು ಮುಚ್ಚುವಾಗ ಅದೇ ಅನುಕೂಲವಾಯಿತು. ಕಿಂಡಿಯೊಳಗೆ ಭುಜದವರೆಗೆ ಕೈ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಕಬ್ಬಿಣದ ತುಂಡು ಹಿಡಿಯುತ್ತಿದ್ದೆ. ಒಂದು ಶನಿವಾರ ಸಂಜೆ, ಸಾಲಿನ ಏಳನೆಯ ರಿವೆಟ್ ಬಡಿಯುವಾಗ ನನ್ನ ಕೈ ಜಾರಿತು. ಬೆರಳಿಗೆ ಗೊತ್ತಾಯಿತು. “ಸರಿಯಾಯ್ತಾ ಮಾವ?” ಎಂದು ಕೇಳಿದರು. ತೋಳು ಸೋತಿತ್ತು, ಒಳಗಿನಿಂದ ಹುಳಿಯ ಒಗ್ಗರಣೆಯ ವಾಸನೆ ಬರುತ್ತಿತ್ತು. “ಹ್ಞೂಂ” ಎಂದುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ಬ್ಯಾಂಕಿನಲ್ಲಿ ಹದಿನೆಂಟು ರೂಪಾಯಿ ವ್ಯತ್ಯಾಸ ಬಂದು ರಾತ್ರಿ ಹನ್ನೊಂದರವರೆಗೆ ಕೂತದ್ದು ನೆನಪಾಯಿತು. (ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿರಬೇಕೆಂಬುದು ಗುಮಾಸ್ತರ ಗುಟ್ಟು. 64ರ ಬದಲು 46 ಬರೆದರೆ ಬರುವ ವ್ಯತ್ಯಾಸ 18.) ಹದಿನೆಂಟು ರೂಪಾಯಿಗೆ ಅಷ್ಟು ಒದ್ದಾಡಿದವನು, ಮಗಳ ಗಂಡ ಕೂರುವ ವಿಮಾನಕ್ಕೆ ‘ಹ್ಞೂಂ’ ಎಂದು ಊಟಕ್ಕೆ ಎದ್ದು ಬಂದಿದ್ದೆ.

ಬೆಳಿಗ್ಗೆ ಕಾಫಿಗೂ ಮುಂಚೆ ಹೇಳಿದೆ. ಅಳಿಯ ಕೋಪಿಸಿಕೊಳ್ಳಲಿಲ್ಲ. ದಂತವೈದ್ಯರ ಕನ್ನಡಿಯಂಥದ್ದನ್ನೂ ಟಾರ್ಚನ್ನೂ ಕಿಂಡಿಯೊಳಗೆ ಬಿಟ್ಟು ನೋಡಿದರು. ಏಳನೆಯದು ಓರೆ. ನನಗೆ ಗೊತ್ತೇ ಆಗದ ಎಂಟನೆಯದೂ ಒಂಬತ್ತನೆಯದೂ ಓರೆ! “ಒಂದು ರಿವೆಟ್ಟಿನಿಂದ ವಿಮಾನ ಬೀಳಲ್ಲ ಮಾವ. ಆದರೆ ನೀವು ಹೇಳದಿದ್ದರೆ ಈ ಎರಡನ್ನು ನಾನು ನೋಡ್ತಾನೇ ಇರ್ಲಿಲ್ಲ” ಅಂದರು. ಮೂರರ ತಲೆಗಳನ್ನೂ ಡ್ರಿಲ್ಲಿನಿಂದ ಕೊರೆದು, ಮೆಲ್ಲಗೆ ತಟ್ಟಿ ಹೊರತೆಗೆದು ಹೊಸದನ್ನು ಹಾಕಿದೆವು. ಒಂದಿಡೀ ಬೆಳಿಗ್ಗೆ ಹಿಡಿಯಿತು.

ಪ್ರತಿದಿನದ ಕೆಲಸವನ್ನು ಅವರು ಫೋಟೊ ಸಮೇತ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ತಾವೇ ಕಟ್ಟಿದ್ದೆಂದು ತೋರಿಸಲು ಅದೇ ದಾಖಲೆ. ಅಂದಿನ ಪುಟದಲ್ಲಿ ಹೀಗಿತ್ತು: ‘ಬಲರೆಕ್ಕೆ, ಕೆಳಗಿನ ಹೊದಿಕೆ, ಮೂರು ರಿವೆಟ್ ಬದಲಾಯಿಸಿದೆ. ಹಿಡಿದವರು ಮಾವ. ತಪ್ಪು ತೋರಿಸಿದವರೂ ಮಾವ.’

ಡೇಟನ್ ಅಂದರೆ ರೈಟ್ ಸಹೋದರರ ಊರು. ಸೈಕಲ್ ಅಂಗಡಿ ಇಟ್ಟಿದ್ದ ಆ ಅಣ್ಣತಮ್ಮ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. 1903ರಲ್ಲಿ ಹಾರಿದ ಅವರ ವಿಮಾನದ ರೆಕ್ಕೆಗೆ ಹೊದಿಸಿದ್ದು ಮಸ್ಲಿನ್ ಬಟ್ಟೆ. ಎಂಜಿನನ್ನು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿದ್ದ. ನಾನು ಹುಡುಗನಾಗಿದ್ದಾಗ ಜಕ್ಕೂರಿನಲ್ಲಿ ಎಚ್‌ಎಎಲ್ ತಯಾರಿಸಿದ ‘ಪುಷ್ಪಕ್’ ವಿಮಾನ ನೋಡಿ, “ಮಾಮ, ಇದಕ್ಕೂ ಬಟ್ಟೆ ಹೊದಿಸಿದ್ದಾರೆ!” ಎಂದು ಕೂಗಿದ್ದೆ. ಯೋಚಿಸಿದರೆ ಮೊದಲ ವಿಮಾನವೂ ಮನೆವಿಮಾನವೇ.

ಎರಡನೆಯ ಸಲ ನಾವು ಹೋದದ್ದು 2017ರ ಏಪ್ರಿಲ್‌ನಲ್ಲಿ. ಬಾಲ, ರೆಕ್ಕೆ, ಒಡಲು ಎಲ್ಲ ಒಂದಾಗಿ, ಊರಾಚೆಯ ಚಿಕ್ಕ ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ನಿಂತಿತ್ತು. ಬಿಗಿ ಮಾಡಿ ಪರೀಕ್ಷಿಸಿದ ಪ್ರತಿ ನಟ್ಟಿನ ಮೇಲೂ ಕಿತ್ತಳೆ ಬಣ್ಣದ ಗೆರೆ ಎಳೆಯುತ್ತಾರೆ. ನಟ್ಟು ಸಡಿಲಾಗಿ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಆ ಕೆಲಸ ಹನ್ನೊಂದು ವರ್ಷದ ಮೊಮ್ಮಗನದು. “ಕುಂಕುಮ ಇಟ್ಟ ಹಾಗಿದೆ” ಅಂದಳು ನನ್ನಾಕೆ. ವಿಮಾನದ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು.

ನನಗೆ ಕೊಟ್ಟ ಕೆಲಸ ತೂಕದ ಲೆಕ್ಕ. ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟು ಭಾರದ ಕೇಂದ್ರ ಎಲ್ಲಿದೆ ಎಂದು ಕಂಡುಹಿಡಿಯಬೇಕು. ಏತಪಾತದಲ್ಲಿ ದಪ್ಪ ಹುಡುಗ ಹಿಂದೆ ಸರಿದರೆ ಏನಾಗುತ್ತದೆ ಎಂಬುದು ಮಕ್ಕಳಿಗೆ ಗೊತ್ತು. ವಿಮಾನದಲ್ಲಿ ಭಾರ ತೀರಾ ಹಿಂದಾದರೆ ಅದು ಪೈಲಟ್ ಹೇಳಿದ ಮಾತು ಕೇಳುವುದಿಲ್ಲ. ಅವರ ಲೆಕ್ಕ ನೋಡದೆ ನಾನೇ ಬೇರೆ ಮಾಡಿದೆ. ಎರಡೂ ತಾಳೆಯಾದವು. ಸರ್ಕಾರದ ಪರವಾಗಿ ಬಂದ ತಪಾಸಣೆಗಾರರು ದಿನವಿಡೀ ನೋಡಿ, ಸಂಜೆ ಗುಲಾಬಿ ಬಣ್ಣದ ಪ್ರಮಾಣಪತ್ರಕ್ಕೆ ಸಹಿ ಹಾಕಿದರು.

ಜೂನ್ ತಿಂಗಳ ಒಂದು ಬೆಳಗು. ಗಾಳಿ ಇಲ್ಲ. ಅಳಿಯ ಒಬ್ಬರೇ ಹತ್ತಿದರು. ಮಗಳು ಮಾತಾಡಲಿಲ್ಲ, ಮಗನ ಹೆಗಲು ಹಿಡಿದು ನಿಂತಳು. ನನ್ನಾಕೆ ಕಾರಿನಿಂದ ಇಳಿಯಲೇ ಇಲ್ಲ. ರಾಯರ ಸ್ತೋತ್ರ ನಡೆದಿತ್ತು. ನಾನು ಮಾತ್ರ ಬಲರೆಕ್ಕೆಯನ್ನೇ ನೋಡುತ್ತಿದ್ದೆ. ವಿಮಾನ ಓಡಿತು, ಚಕ್ರಗಳ ಕೆಳಗೆ ಬೆಳಕು ಕಂಡಿತು, ಏರಿತು. ಎಂಜಿನ್ ನಿಂತರೂ ತೇಲಿ ಇಳಿಯಬಹುದೆಂದು ನಿಲ್ದಾಣದ ಮೇಲೆಯೇ ಸುತ್ತು ಹಾಕಿದರು. ಇಪ್ಪತ್ತೈದು ನಿಮಿಷ. ಅಷ್ಟು ಉದ್ದದ ಇಪ್ಪತ್ತೈದು ನಿಮಿಷವನ್ನು ನಾನು ಬೇರೆ ಕಂಡಿಲ್ಲ. ಇಳಿದು ಬಂದವರು ಕೇಳಿದ್ದು ಒಂದು ಲೋಟ ನೀರು.

ಆಮೇಲೂ ಅವಸರವಿಲ್ಲ. ಅವರ ವಿಮಾನಕ್ಕೆ ವಿಧಿಸಿದ್ದು 40 ಗಂಟೆಗಳ ಪರೀಕ್ಷಾ ಹಾರಾಟ. ಅದು ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ವಾರಾಂತ್ಯಗಳಲ್ಲಿ ಹಾರಿ ಅದು ಮುಗಿದದ್ದು ಸೆಪ್ಟೆಂಬರಿನಲ್ಲಿ.

ಅಷ್ಟರಲ್ಲಿ ಒಂದು ಭಾನುವಾರ ನಾವು ಹಫ್‌ಮನ್ ಪ್ರೇರಿಗೆ ಹೋಗಿದ್ದೆವು. ರೈಟ್ ಸಹೋದರರು ಹಾರಾಟ ಪಳಗಿಸಿಕೊಂಡ ಹುಲ್ಲುಗಾವಲು ಅದು. ಅಪಘಾತದಲ್ಲಿ ಇಬ್ಬರನ್ನೂ ಕಳೆದುಕೊಳ್ಳಬಾರದೆಂದು, ಒಟ್ಟಿಗೆ ಹಾರುವುದಿಲ್ಲವೆಂದು ಮಕ್ಕಳಿಂದ ತಂದೆ ಮಾತು ತೆಗೆದುಕೊಂಡಿದ್ದರು. 1910ರ ಮೇ 25ರಂದು ಮಾತ್ರ ತಂದೆಯ ಅನುಮತಿ ಪಡೆದು ಇಬ್ಬರೂ ಜೊತೆಯಾಗಿ ಹಾರಿದರು. ಅದೇ ದಿನ ಆರ್ವಿಲ್ ತಂದೆಯನ್ನೂ ಹತ್ತಿಸಿಕೊಂಡರು. ಮಿಲ್ಟನ್ ರೈಟ್ ಅವರಿಗಾಗ 81 ವರ್ಷ. ಹೆದರುವುದಿರಲಿ, ಇನ್ನೂ ಮೇಲೆ ಹೋಗು ಎಂದು ಮಗನನ್ನು ಹುರಿದುಂಬಿಸಿದರಂತೆ. ಇದನ್ನು ಹೇಳಿದಾಗ ನನ್ನಾಕೆ ತುಂಬ ಹೊತ್ತು ಹುಲ್ಲನ್ನೇ ನೋಡುತ್ತ ನಿಂತಿದ್ದಳು.

ಅಕ್ಟೋಬರಿನಲ್ಲಿ ನಾವು ಊರಿಗೆ ಹೊರಡುವ ಮುಂಚಿನ ಶನಿವಾರ, ಶೆಡ್ಡಿನ ಮುಂದೆ ಚಪ್ಪಲಿ ಬಿಟ್ಟು ಅವಳೇ ಅಂದಳು: “ಮೊದಲು ನಾನು ಹೋಗ್ತೀನಿ.” ಒಳಗೆ ಅಂಟಿಸಿದ್ದ ಫಲಕ ತೋರಿಸಿ ಏನು ಬರೆದಿದೆ ಎಂದು ಕೇಳಿದಳು. ಇದು ಹವ್ಯಾಸಿ ಕಟ್ಟಿದ ವಿಮಾನ, ಕಾರ್ಖಾನೆಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಇದು ಹೊಂದುವುದಿಲ್ಲ ಎಂದು ಓದಿ ಹೇಳಿದೆ. “ಮನೆ ಅಡುಗೆಗೂ ಹೀಗೊಂದು ಬೋರ್ಡು ಹಾಕಿದರಾಯ್ತು” ಎಂದು ಬೆಲ್ಟು ಬಿಗಿದುಕೊಂಡಳು. ಅಳಿಯ ಕೈಕೊಟ್ಟು ಚಪ್ಪಲಿಯನ್ನು ಒಳಗಿಡಿಸಿದರು.

ಆಮೇಲೆ ನನ್ನ ಸರದಿ. ಕೆಳಗೆ ಜೋಳದ ಹೊಲಗಳು ಒಣಗಿ ಹೊಂಬಣ್ಣಕ್ಕೆ ತಿರುಗಿದ್ದವು. ರೆಕ್ಕೆ ನಮ್ಮ ಕೆಳಗಿರುವ ವಿಮಾನವಾದ್ದರಿಂದ ನನ್ನ ರಿವೆಟ್ಟುಗಳು ಮೇಲಿನಿಂದ ಕಾಣುವುದಿಲ್ಲ. ಇಳಿದ ಮೇಲೆ ಮೊಮ್ಮಗನ ಹೆಗಲು ಹಿಡಿದು ಬಗ್ಗಿ, ಬಲರೆಕ್ಕೆಯ ಕೆಳಗೆ ಬೆರಳಿಟ್ಟು ಎಣಿಸಿದೆ.

“ಎಷ್ಟನೇದು ತಾತ?”

“ಏಳು, ಎಂಟು, ಒಂಬತ್ತು” ಎಂದೆ. ಅವನೂ ಬೆರಳಿಟ್ಟು ನೋಡಿದ.