ಸ್ಟೆತಾಸ್ಕೋಪ್ ಜೊತೆಗೊಂದು ಎಂಬಿಎ

‘ಡಾಕ್ಟರ್ ಓದಿ ಅಂಗಡಿ ಇಡ್ತೀಯೇನೇ?’ ನಾನು ಎಂಬಿಎಗೆ ಸೇರಿದೆ ಎಂದಾಗ ಅಮ್ಮ ಕೇಳಿದ್ದು ಇಷ್ಟೇ. ವಾರ್ಡಿನ ಸೀನಿಯರ್‌ಗಳಂತೂ ‘ಸಿಇಒ ಮೇಡಂ’ ಎಂದೇ ಕರೆಯತೊಡಗಿದರು.

ನಾನು ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುತ್ತಿರುವ ಎರಡನೇ ವರ್ಷದ ಪಿಜಿ. ನಿಯಮದ ಪ್ರಕಾರ ನಮಗೆ ವಾರಕ್ಕೊಂದು ರಜೆ ಉಂಟು. ಅದು ಬರುವುದು ನೈಟ್ ಡ್ಯೂಟಿ ಮುಗಿದ ಮೇಲೆ, ನಿದ್ದೆಗೇ ಸಾಲದು. ಇಂಥದ್ದರಲ್ಲಿ ಬ್ಯಾಲೆನ್ಸ್ ಶೀಟ್ ಯಾಕೆ ಬೇಕಿತ್ತು ಅಂತೀರಾ?

ಕಾರಣ ನಮ್ಮ ಒಪಿಡಿಯ ಕಾರಿಡಾರ್. ನಸುಕಿನ ಬಸ್ಸು ಹಿಡಿದು ಬಂದವರು ಮೊದಲು ಚೀಟಿಗೆ ಸಾಲು ನಿಲ್ಲಬೇಕು, ಆಮೇಲೆ ನಮ್ಮ ಮುಂದೆ, ಆಮೇಲೆ ರಕ್ತ ಕೊಡಲು. ವರದಿ ಕೈಗೆ ಬರುವಷ್ಟರಲ್ಲಿ ಒಪಿಡಿ ಮುಗಿದಿರುತ್ತದೆ. ‘ನಾಳೆ ಬನ್ನಿ ಅಜ್ಜಿ’ ಎನ್ನುವುದು ಸುಲಭ; ಜೊತೆಗೆ ಬಂದ ಮಗನಿಗೆ ಎರಡು ದಿನದ ಕೂಲಿ ಖೋತಾ. ಕೆಲವರು ಮರಳಿ ಬರುವುದೇ ಇಲ್ಲ. ತಿಂಗಳಾದ ಮೇಲೆ ಸಕ್ಕರೆ 500 ದಾಟಿ ಎಮರ್ಜೆನ್ಸಿಯಲ್ಲಿ ಸಿಗುತ್ತಾರೆ. ಐದೂವರೆ ವರ್ಷ ಎಂಬಿಬಿಎಸ್ ಓದಿದ ನನಗೆ ಇದಕ್ಕೆ ಮದ್ದು ಯಾರೂ ಹೇಳಿಕೊಟ್ಟಿರಲಿಲ್ಲ.

ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಹಾದಿ ತೆರೆಯಿತು. ಆದರೂ ವೃತ್ತಿಪರ ಕೋರ್ಸ್‌ಗಳಿಗೆ ಆಯಾ ಮಂಡಳಿಯ ನಿಯಮಗಳಿರುತ್ತವೆ. ಸೇರುವ ಮನಸ್ಸಿದ್ದರೆ ಕಾಲೇಜಿನಿಂದ ಲಿಖಿತ ಅನುಮತಿ ಪಡೆದೇ ಹೆಜ್ಜೆ ಇಡಿ. ನಾನು ಹಾಗೇ ಮಾಡಿ ಇಗ್ನೊದ ದೂರಶಿಕ್ಷಣಕ್ಕೆ ಸೇರಿದೆ.

ಅಕೌಂಟಿಂಗ್ ನನಗೆ ಇವತ್ತಿಗೂ ಕಬ್ಬಿಣದ ಕಡಲೆ. ಹಿಡಿಸಿದ್ದು ಸಾಲುಗಳ ಲೆಕ್ಕ. ಜಾನ್ ಲಿಟಲ್ ಎಂಬಾತ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದಿದೆ. ಗಂಟೆಗೆ 40 ಜನ ಬಂದು, ಒಬ್ಬೊಬ್ಬರೂ 3 ಗಂಟೆ ಕಳೆದರೆ, ಸರಾಸರಿ 120 ಮಂದಿ ಒಳಗಿರುತ್ತಾರೆ. ಬರುವವರನ್ನು ತಡೆಯುವಂತಿಲ್ಲ, ಅವರು ಕಳೆಯುವ ಹೊತ್ತನ್ನು ಇಳಿಸಬಹುದು. ಎಲ್ಲಿ ಇಳಿಸೋದು? ಒಂದು ವಾರ ಬಿಡುವಾದಾಗಲೆಲ್ಲ ಚೀಟಿಗಳ ಹಿಂದೆ ಸಮಯ ಬರೆದಿಟ್ಟೆ. ಡಾಕ್ಟರ್ ಎದುರು ಕಳೆಯುವುದು ಕೆಲವೇ ನಿಮಿಷ. ರಕ್ತದ ಟ್ಯೂಬುಗಳು ಮಾತ್ರ ಟ್ರೇ ತುಂಬುವವರೆಗೆ ಕಾದು, ಮಧ್ಯಾಹ್ನ 12ಕ್ಕೆ ಒಟ್ಟಿಗೆ ಲ್ಯಾಬಿಗೆ ಹೋಗುತ್ತಿದ್ದವು!

ನಮ್ಮ ಯೂನಿಟ್‌ನ ಒಪಿಡಿ ದಿನಗಳಲ್ಲಿ ಮಾತ್ರ ಅರ್ಧ ಗಂಟೆಗೊಮ್ಮೆ ಕಳಿಸೋಣ ಎಂದು ಸರ್ ಬಳಿ ಕೇಳಿದೆ. ‘ನೋಡು, ಆದ್ರೆ ಮಾಡು’ ಎಂದರು. ಓಡಾಟ ಹೆಚ್ಚಿತೆಂದು ಅಟೆಂಡರ್ ಅಣ್ಣ ಗೊಣಗಿದರು, ಅದು ನ್ಯಾಯವೇ. ಮೊದಲ ಕೆಲವು ಟ್ರಿಪ್ ನಾವು ಪಿಜಿಗಳೇ ಹಂಚಿಕೊಂಡೆವು. ಈಗ ಬೆಳಿಗ್ಗೆ ರಕ್ತ ಕೊಟ್ಟವರಲ್ಲಿ ಬಹುಪಾಲು ಜನ ಅಂದೇ ಮಾತ್ರೆ ಬರೆಸಿಕೊಂಡು ಊರಿಗೆ ಹೋಗುತ್ತಾರೆ.

ಮ್ಯಾನೇಜ್‌ಮೆಂಟ್ ಅಂದರೆ ಬಿಲ್ ಹೆಚ್ಚಿಸುವ ವಿದ್ಯೆ ಎಂಬ ಅನುಮಾನ ನನಗೂ ಇತ್ತು. ಪುಸ್ತಕದಲ್ಲಿ ರೋಗಿಯನ್ನು ‘ಗ್ರಾಹಕ’ ಎಂದಾಗ ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಮದುರೈನಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆಯ ಕಥೆ ಓದಿದೆ. ದುಡ್ಡು ಕೊಡುವವರ ಆದಾಯದಿಂದಲೇ ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ. ಅಲ್ಲೂ ಗುಟ್ಟು ಇದೇ, ಸರ್ಜನ್‌ನ ಒಂದು ನಿಮಿಷವೂ ಪೋಲಾಗದಂತೆ ನೋಡಿಕೊಳ್ಳುವುದು.

ಡಿಸೆಂಬರ್‌ನಲ್ಲಿ ನನ್ನ ಪರೀಕ್ಷೆ. ಎರಡು ಪೇಪರ್ ಡ್ಯೂಟಿ ದಿನವೇ ಬಿದ್ದಿವೆ. ಸಹಪಾಠಿಯೊಬ್ಬ ಬದಲಿಗೆ ನಿಲ್ಲಲು ಒಪ್ಪಿದ್ದಾನೆ. ಪ್ರತಿಯಾಗಿ ಅವನ ಮೂರು ನೈಟ್ ನನ್ನವು, ಜೊತೆಗೆ ಒಂದು ಬಿರಿಯಾನಿ.